ಹಳೆಯ 650 ಸಿಸಿ ಬೈಕಿನಿಂದ ಹಳೆ ಶೈಲಿಯ ಚಾಪರ್: ಗರಗಸ ಮೊದಲು ಎಲ್ಲಿಗೆ?

ಎರಡುಗಾಲಿ

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ಮನಸ್ಸಿನಲ್ಲಿ ಕುಳಿತಿದ್ದ ಆಸೆ ಕೊನೆಗೂ ಮನೆಯೊಳಗೆ ಬಂದು ನಿಂತಿದೆ. 1979ರ ಯಮಹಾ ಎಕ್ಸ್‌ಎಸ್650. ಹಿಂದಿನ ಮಾಲೀಕರು ವರ್ಷಗಟ್ಟಲೆ ಓಡಿಸದೆ ಮುಚ್ಚಿಟ್ಟಿದ್ದರು. ಕ್ರೋಮಿಗೆ ತುಕ್ಕು ಹಿಡಿದಿದೆ, ಸೀಟು ಹರಿದಿದೆ, ಆದರೆ ಕಿಕ್ಕರ್ ಮೇಲೆ ಭಾರ ಹಾಕಿದರೆ ಎರಡೂ ಸಿಲಿಂಡರುಗಳಲ್ಲಿ ಕಂಪ್ರೆಷನ್ ಗಟ್ಟಿಯಾಗಿ ಕಾಲಿಗೆ ಸಿಗುತ್ತದೆ.

ನನಗೆ ಬೇಕಾದದ್ದು 1960ರ ದಶಕದ ಕೊನೆಯಲ್ಲಿ ಕಟ್ಟುತ್ತಿದ್ದಂಥ ಚಾಪರ್. ಹಿಂದೆ ಶಾಕ್ ಅಬ್ಸಾರ್ಬರ್ ಇಲ್ಲದ ಹಾರ್ಡ್‌ಟೇಲ್, ಮುಂದೆ ಉದ್ದನೆಯ ಫೋರ್ಕ್, 21 ಇಂಚಿನ ಸಪೂರ ಗಾಲಿ, ಕಡಲೆಕಾಯಿ ಆಕಾರದ ಪುಟ್ಟ ಟ್ಯಾಂಕ್, ಸೀಟಿನ ಹಿಂದೆ ಎತ್ತರದ ಸಿಸ್ಸಿ ಬಾರ್ (ಬೆನ್ನಿಗೆ ಆಧಾರವಾಗುವ ಸರಳು). 10 ಇಂಚು ಹೆಚ್ಚು ಉದ್ದದ ಫೋರ್ಕ್ ಕೊಳವೆಗಳನ್ನು ಈಗಾಗಲೇ ತರಿಸಿದ್ದೇನೆ. ಗ್ರೈಂಡರ್ ಇದೆ, ವೆಲ್ಡಿಂಗ್ ಯಂತ್ರ ಇದೆ, ವೆಲ್ಡಿಂಗ್ ಕೈ ಇನ್ನೂ ಪಳಗಬೇಕಿದೆ. ಈ ಭಾನುವಾರ ಫ್ರೇಮ್ ಕತ್ತರಿಸಬೇಕೆಂದಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಹಳೆಯ ಪಿಸ್ಟನ್

ಈ ಭಾನುವಾರ ಕತ್ತರಿಸಬೇಡಿ. ಮುಂದಿನ ಭಾನುವಾರವೂ ಬೇಡ.

ಮೊದಲು ಆ ಬೈಕನ್ನು ಇದ್ದ ಹಾಗೆಯೇ ಓಡಿಸಿ. ಕಾರ್ಬ್ಯುರೇಟರ್ ಬಿಚ್ಚಿ ತೊಳೆಯಿರಿ, ಎಣ್ಣೆ ಬದಲಿಸಿ, ಬ್ರೇಕ್ ಸರಿಪಡಿಸಿ, ಹೊಸ ಟೈರ್ ಹಾಕಿ, ಕನಿಷ್ಠ 500 ಕಿಲೋಮೀಟರ್ ಓಡಿಸಿ. ಎರಡನೇ ಗೇರ್ ಜಾರುತ್ತದೆಯೇ, ಬಿಸಿಯಾದ ಮೇಲೆ ಹೊಗೆ ಬರುತ್ತದೆಯೇ, ಕ್ಲಚ್ ಹಿಡಿಯುತ್ತದೆಯೇ ಎಂಬುದೆಲ್ಲ ಓಡುವ ಬೈಕಿನಲ್ಲಿ ಮಾತ್ರ ಗೊತ್ತಾಗುತ್ತದೆ. ನನ್ನ ಮೊದಲ ಚಾಪರಿನಲ್ಲಿ ನಾನು ಇದನ್ನು ಮಾಡಲಿಲ್ಲ. ಫ್ರೇಮ್ ಕತ್ತರಿಸಿ, ಬೆಸೆದು, ಬಣ್ಣ ಬಳಿದು, ಎಂಜಿನ್ ಕೂರಿಸಿದ ಮೇಲೆ ಗೇರ್‌ಬಾಕ್ಸಿನ ಬೇರಿಂಗ್ ಹೋಗಿರುವುದು ತಿಳಿಯಿತು. ಮೂರು ವರ್ಷ ಅದು ಡಬ್ಬಗಳಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು. ಆ ಡಬ್ಬಗಳನ್ನು ದಿನವೂ ದಾಟಿಕೊಂಡು ಕೆಲಸಕ್ಕೆ ಹೋಗುವ ಸಂಕಟ ನಿಮಗೆ ಬೇಡ.

ಇನ್ನೊಂದು ಮಾತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸವಾರರು ಭಾರದ ಹಾರ್ಲೆ ಮತ್ತು ‘ಇಂಡಿಯನ್’ (ಅದೂ ಅಮೆರಿಕದ್ದೇ ಕಂಪನಿ) ಬೈಕುಗಳ ಮಡ್‌ಗಾರ್ಡ್ ಮೊಟಕುಗೊಳಿಸಿ, ಬೇಡದ್ದನ್ನೆಲ್ಲ ಕಳಚಿ ಓಡಿಸುತ್ತಿದ್ದರು. ಬಾಬರ್ ಎಂದರೆ ಅದೇ. ಫೋರ್ಕ್ ಉದ್ದವಾಗಿದ್ದು, ಫ್ರೇಮಿನ ಕತ್ತನ್ನು (ಹ್ಯಾಂಡಲ್ ತಿರುಗುವ ಮುಂದಿನ ಕೊಳವೆಯನ್ನು) ಕೊಯ್ದು ಹಿಂದಕ್ಕೆ ವಾಲಿಸಿದ್ದು 60ರ ದಶಕದಲ್ಲಿ. 1969ರಲ್ಲಿ ಬಂದ ಹೆಸರಾಂತ ಚಲನಚಿತ್ರ ‘ಈಸಿ ರೈಡರ್’ನ ಚಾಪರುಗಳನ್ನು ಕಟ್ಟಿದವರಲ್ಲಿ ಬೆನ್ ಹಾರ್ಡಿ ಒಬ್ಬರು. ಅವು ಕೂಡ ಪೊಲೀಸರು ಹರಾಜಿಗೆ ಹಾಕಿದ್ದ ಹಳೆಯ ಹಾರ್ಲೆಗಳು. ನೀವು ಕೇಳುತ್ತಿರುವ ಕಡಲೆಕಾಯಿ ಟ್ಯಾಂಕ್ ಮೂಲತಃ ಹಾರ್ಲೆಯ ಪುಟ್ಟ 125 ಸಿಸಿ ಬೈಕಿನದು. 1958ರಲ್ಲಿ ಅದು ಹಾರ್ಲೆಯದೇ ಸ್ಪೋರ್ಟ್‌ಸ್ಟರ್ ಬೈಕಿನ ಮೇಲೆ ಬಂದು ಕುಳಿತಿತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ಕಾಲದವರು ಮೊದಲು ಕಳಚಿದರು, ಆಮೇಲೆ ಜೋಡಿಸಿದರು. ನೀವು ಉದ್ದನೆಯ ಕೊಳವೆ ಕೊಳ್ಳುವುದರಿಂದ ಆರಂಭಿಸಿದ್ದೀರಿ.

ಕಾಗದಪತ್ರದ ವಿಷಯವನ್ನೂ ನೋಡಿಕೊಳ್ಳಿ. ಫ್ರೇಮ್ ಬದಲಿಸಿದ ವಾಹನವನ್ನು ರಸ್ತೆಗೆ ಇಳಿಸುವ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಕೆಲಸಕ್ಕೆ ಕೈಹಾಕುವ ಮೊದಲೇ ವಿಚಾರಿಸಿ. ಚಾಸಿ ಸಂಖ್ಯೆ ಸಾಮಾನ್ಯವಾಗಿ ಕತ್ತಿನ ಮೇಲೆಯೇ ಇರುತ್ತದೆ. ಅದರ ಹತ್ತಿರಕ್ಕೂ ಗ್ರೈಂಡರ್ ಸುಳಿಯಬಾರದು.

ಅಳತೆಪಟ್ಟಿ

ಆ 10 ಇಂಚಿನ ಕೊಳವೆಗಳ ಬಗ್ಗೆ ಬರೆಯಲೇಬೇಕು. ಚಾಪರ್ ಕಟ್ಟುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ.

ಕತ್ತಿನ ಮಧ್ಯದಲ್ಲಿ ಹ್ಯಾಂಡಲ್ ತಿರುಗುವ ಅಚ್ಚು ಇದೆಯಲ್ಲ, ಆ ರೇಖೆಯನ್ನು ಹಾಗೆಯೇ ನೆಲದವರೆಗೆ ಎಳೆಯಿರಿ. ಅದು ಮುಂದಿನ ಟೈರು ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೀಳುತ್ತದೆ. ಈ ಎರಡು ಬಿಂದುಗಳ ನಡುವಿನ ಅಂತರವೇ ಟ್ರೇಲ್. ಕಚೇರಿ ಕುರ್ಚಿಯ ಗಾಲಿ ತಳ್ಳಿದ ದಿಕ್ಕಿಗೆ ತಾನಾಗಿಯೇ ಹಿಂಬಾಲಿಸುತ್ತದೆಯಲ್ಲ, ಬೈಕ್ ನೇರವಾಗಿ ಓಡುವುದೂ ಅದೇ ಕಾರಣಕ್ಕೆ. ಟ್ರೇಲ್ ತೀರಾ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ಕೈ ಮೀರಿ ಒದರಾಡುತ್ತದೆ. ತೀರಾ ಹೆಚ್ಚಾದರೆ ನಿಧಾನ ವೇಗದಲ್ಲಿ ಮುಂಗಾಲಿ ಒಂದು ಪಕ್ಕಕ್ಕೆ ಧೊಪ್ಪೆಂದು ಬೀಳುತ್ತದೆ, ತಿರುವಿನಲ್ಲಿ ಬೈಕನ್ನು ಎಳೆದಾಡಬೇಕಾಗುತ್ತದೆ. ಚಾಪರಿಗೆ 75ರಿಂದ 150 ಮಿಲಿಮೀಟರ್ ಒಳಗೆ ಇರಲಿ ಎಂಬುದು ಕಟ್ಟುವವರ ರೂಢಿ.

ಲೆಕ್ಕ ಕಷ್ಟವಿಲ್ಲ. ಗಾಲಿಯ ತ್ರಿಜ್ಯವನ್ನು ಕತ್ತಿನ ಕೋನದ ಸೈನ್‌ನಿಂದ ಗುಣಿಸಿ, ಅದರಿಂದ ಆಫ್‌ಸೆಟ್ ಕಳೆಯಿರಿ, ಬಂದದ್ದನ್ನು ಅದೇ ಕೋನದ ಕೊಸೈನ್‌ನಿಂದ ಭಾಗಿಸಿ. ಕೋನವನ್ನು ಅಳೆಯುವುದು ಲಂಬರೇಖೆಯಿಂದ. ಆಫ್‌ಸೆಟ್ ಎಂದರೆ ತಿರುಗುವ ಅಚ್ಚಿನ ರೇಖೆಯಿಂದ ಮುಂಗಾಲಿಯ ಆ್ಯಕ್ಸಲ್ ಎಷ್ಟು ಮುಂದಿದೆ ಎಂಬುದು.

ಒಂದು ಉದಾಹರಣೆ ಹಿಡಿಯೋಣ. 21 ಇಂಚಿನ ಗಾಲಿಗೆ ಸಪೂರ ಟೈರ್ ಹಾಕಿದರೆ ತ್ರಿಜ್ಯ ಸುಮಾರು 340 ಮಿಮೀ. ಆಫ್‌ಸೆಟ್ 50 ಎನ್ನಿ. ಕತ್ತಿನ ಕೋನ 27 ಡಿಗ್ರಿ ಇದ್ದರೆ ಟ್ರೇಲ್ 117 ಮಿಮೀ, ಸುಖವಾದ ಸಂಖ್ಯೆ. ಬರೀ ಕತ್ತನ್ನು ಕೊಯ್ದು 38 ಡಿಗ್ರಿಗೆ ವಾಲಿಸಿದರೆ ಟ್ರೇಲ್ 202ಕ್ಕೆ ಏರುತ್ತದೆ. ಅಂಥ ಬೈಕನ್ನು ವಾಹನ ನಿಲ್ಲಿಸುವ ಜಾಗದಲ್ಲಿ ತಿರುಗಿಸುವುದೇ ಒಂದು ಸಾಹಸ.

ಈಗ ನಿಮ್ಮ ಕೊಳವೆಗಳು. ಕತ್ತನ್ನು ಮುಟ್ಟದೆ 10 ಇಂಚು ಉದ್ದ ಮಾಡಿದರೆ ಮುಂಭಾಗ 220 ಮಿಮೀಯಷ್ಟು ಮೇಲೇಳುತ್ತದೆ. ಎರಡು ಗಾಲಿಗಳ ನಡುವೆ 1400 ಮಿಮೀ ಇದೆ ಎಂದುಕೊಂಡರೆ ಇಡೀ ಬೈಕ್ 9 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಫ್ರೇಮಿನ ಕೆಳಗಿನ ಕೊಳವೆಗಳು ಆಕಾಶ ನೋಡುತ್ತವೆ, ಎಂಜಿನ್ನಿನ ಎಣ್ಣೆ ಹಿಂದಕ್ಕೆ ಹರಿದು ನಿಲ್ಲುತ್ತದೆ, ಕಾರ್ಬ್ಯುರೇಟರಿನ ಪೆಟ್ರೋಲ್ ಮಟ್ಟವೂ ಓರೆಯಾಗುತ್ತದೆ. ಹಳೆಯ ಫೋಟೋಗಳಲ್ಲಿರುವ ಚೆಂದದ ಚಾಪರುಗಳನ್ನು ಗಮನಿಸಿ. ಫೋರ್ಕ್ ಎಷ್ಟೇ ಉದ್ದವಿರಲಿ, ಕೆಳಗಿನ ಕೊಳವೆ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿರುತ್ತದೆ. ಕಣ್ಣಿಗೆ ಹಿತವಾಗುವುದು ಆ ಒಂದು ಗೆರೆ.

ಎರಡುಗಾಲಿ

ಬೆವರು ಬಂತು ಸರ್, ಆದರೆ ಅರ್ಥವಾಯಿತು. ಒಂದು ಸಂದೇಹ. ಕೋನ ಕೊಟ್ಟು ತಯಾರಿಸಿದ ಟ್ರಿಪಲ್ ಟ್ರೀ ಸಿಗುತ್ತದಲ್ಲ, ಫೋರ್ಕಿನ ಎರಡು ಕಾಲುಗಳನ್ನು ಹಿಡಿಯುವ ಆ ಹಿಡಿಗಳೇ ಫೋರ್ಕನ್ನು 5 ಡಿಗ್ರಿ ಮುಂದಕ್ಕೆ ಚಾಚುವಂಥವು. ಅದನ್ನು ಹಾಕಿಬಿಟ್ಟರೆ ಕತ್ತು ಕೊಯ್ಯುವ ಗೋಜೇ ಬೇಡವಲ್ಲವೇ?

ಅಳತೆಪಟ್ಟಿ

ಇಲ್ಲ. ಈ ಇಡೀ ಚರ್ಚೆಯಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವ ಪ್ರಶ್ನೆ ಇದೇ. ಕತ್ತು 27ರಲ್ಲೇ ಉಳಿದು ಹಿಡಿಗಳು 5 ಡಿಗ್ರಿ ಚಾಚಿದರೆ ಆ್ಯಕ್ಸಲ್ ಮುಂದೆ ಹೋಗುತ್ತದೆ, ತಿರುಗುವ ಅಚ್ಚು ಇದ್ದಲ್ಲಿಯೇ ಇರುತ್ತದೆ. ಫೋರ್ಕ್ 800 ಮಿಮೀ ಉದ್ದವಿದ್ದರೆ ಆಫ್‌ಸೆಟ್‌ಗೆ 70 ಮಿಮೀ ಸೇರಿತು. ಟ್ರೇಲ್ 117ರಿಂದ 39ಕ್ಕೆ ಕುಸಿಯಿತು. ನೋಡಲು ಚಾಪರಿನಂತೆಯೇ ಇರುತ್ತದೆ, ಹೆದ್ದಾರಿಯ ವೇಗದಲ್ಲಿ ಒಂದು ಗುಂಡಿ ಹಾರಿದರೆ ಹ್ಯಾಂಡಲ್ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅಂಥ ಹಿಡಿಗಳು ಇರುವುದು ಕತ್ತು ಕೊಯ್ದಾಗ ಅತಿಯಾಗಿ ಬೆಳೆದ ಟ್ರೇಲನ್ನು ಹಿಂದಕ್ಕೆ ತರಲು. ಕತ್ತು 35 ಡಿಗ್ರಿ, ಹಿಡಿಗಳು 3 ಡಿಗ್ರಿ, ಫೋರ್ಕ್ 900 ಮಿಮೀ ಎಂದು ಲೆಕ್ಕ ಹಾಕಿ: ಟ್ರೇಲ್ 120ರ ಆಸುಪಾಸು. ಕಣ್ಣಿಗೆ ಕಾಣುವ ಫೋರ್ಕಿನ ಕೋನ 38. ನಿಮಗೆ ಬೇಕಾದ ನೋಟವೂ ಉಳಿಯಿತು, ಬೈಕೂ ಹೇಳಿದ ಮಾತು ಕೇಳುತ್ತದೆ. ಕೋನ ಅಳೆಯುವಾಗ ಗಾಲಿಗಳ ಮೇಲೆ ನಿಂತ ಬೈಕಿನಲ್ಲಿ, ನೀವು ಹಾಕುವ ಟೈರಿನೊಂದಿಗೆ, ನಿಮ್ಮ ಭಾರ ಕೂರಿಸಿಯೇ ಅಳೆಯಬೇಕು.

ಬೆಸುಗೆಗಾರ

ಇಪ್ಪತ್ತೆರಡು ವರ್ಷಗಳಿಂದ ಕೊಳವೆ ಬೆಸೆಯುವುದೇ ನನ್ನ ಕಾಯಕ. ನೇರವಾಗಿ ಹೇಳುತ್ತೇನೆ: ಕತ್ತಿನ ಕೆಲಸವನ್ನು ನೀವು ಮಾಡಬೇಡಿ. ಹಿಂಭಾಗದ ಬೆಸುಗೆ ಬಿಟ್ಟುಕೊಂಡರೆ ಬೈಕ್ ಕುಸಿದು ನಿಲ್ಲಬಹುದು. ಕತ್ತಿನ ಬೆಸುಗೆ ಬಿಟ್ಟುಕೊಂಡರೆ ಮುಂಗಾಲಿ ಬೇರೆ, ನೀವು ಬೇರೆ. ಪರೀಕ್ಷೆ ಪಾಸಾದ ವೆಲ್ಡರ್ ಒಬ್ಬರಿಂದ ಮಾಡಿಸಿ, ಒಳಮೂಲೆಗಳಿಗೆ ಆಧಾರದ ತ್ರಿಕೋನ ತಗಡು ಹಾಕಿಸಿ.

ಹಾರ್ಡ್‌ಟೇಲನ್ನು ನೀವೇ ಮಾಡಬಹುದು. ಆದರೆ ಮೊದಲು ಅದೇ ಅಳತೆಯ ಕೊಳವೆ ತುಂಡುಗಳನ್ನು ಒಂದು ತಿಂಗಳು ಬೆಸೆದು ಬೆಸೆದು ಗರಗಸದಿಂದ ಸೀಳಿ ನೋಡಿ. ಮೇಲೆ ಮೀನಿನ ಪೊರೆಯಂತೆ ಚೆಂದ ಕಾಣುವ ಬೆಸುಗೆ ಒಳಗೆ ಲೋಹ ಕಚ್ಚದೇ ಇರಬಹುದು. ಸೀಳಿದಾಗ ನಡುವೆ ಕಪ್ಪು ಗೆರೆ ಕಂಡರೆ ನೀವಿನ್ನೂ ಸಿದ್ಧರಾಗಿಲ್ಲ. ನಾನು ಕಲಿಯುವಾಗ ಗುರುಗಳು ನನ್ನ ಮೊದಲ ನಲವತ್ತು ಜೋಡಣೆಗಳನ್ನು ವೈಸಿಗೆ ಕಟ್ಟಿ ಸುತ್ತಿಗೆಯಿಂದ ಬಡಿದು ಮುರಿದು ಕೈಗೆ ಕೊಟ್ಟಿದ್ದರು.

ಕೊಳವೆಯ ಆಯ್ಕೆ: ಫ್ರೇಮಿಗೆಂದೇ ಬರುವ, ಸುಮಾರು 3 ಮಿಮೀ ಗೋಡೆಯ ಡಿಒಎಂ (ಒಳಗೆ ಅಚ್ಚು ಇಟ್ಟು ಎಳೆದು ತಯಾರಿಸಿದ) ಉಕ್ಕು ಸಾಕು. ನೀರಿನ ಕೊಳವೆ ಎಂದಿಗೂ ಬೇಡ. ಅದರ ಸತುವಿನ ಲೇಪನ ಬೆಸುಗೆಯ ಶಾಖಕ್ಕೆ ವಿಷದ ಹೊಗೆಯಾಗುತ್ತದೆ. ಬ್ರೇಕ್ ತೊಳೆಯುವ ಕ್ಲೋರಿನ್ ಬೆರೆತ ದ್ರಾವಣಗಳಿಂದಲೂ ಬೆಸೆಯುವ ಜಾಗ ಒರೆಸಬೇಡಿ, ಆರ್ಕ್‌ನ ಬೆಳಕು ಬಿದ್ದರೆ ಅದರಿಂದ ಫಾಸ್ಜೀನ್ ಅನಿಲ ಹುಟ್ಟುತ್ತದೆ. ಯುದ್ಧದಲ್ಲಿ ಜನರನ್ನು ಕೊಂದ ಅನಿಲ ಅದು.

ಹಳೆಯ ಫ್ರೇಮಿಗೆ ಹೊಸ ಹಿಂಭಾಗ ಸೇರುವ ಕಡೆ ಕೊಳವೆಗಳನ್ನು ಬರಿದೇ ತುದಿಗೆ ತುದಿ ಇಟ್ಟು ಬೆಸೆಯಬೇಡಿ. ಒಳಗೆ ಬಿಗಿಯಾಗಿ ಕೂರುವ ಉಕ್ಕಿನ ಕೂಡುಗೊಂಡಿಯನ್ನು ಲೇತ್‌ನಲ್ಲಿ ಮಾಡಿಸಿ, ಎರಡೂ ಬದಿಗೆ ಕನಿಷ್ಠ 40 ಮಿಮೀ ಒಳಹೋಗಲಿ. ಹೊರಕೊಳವೆಗೆ ತೂತು ಕೊರೆದು, ಆ ತೂತಿನ ಮೂಲಕ ಒಳಗಿನ ಗೊಂಡಿಗೆ ಬೆಸುಗೆ ತುಂಬಿಸಿ, ಆಮೇಲೆ ಸುತ್ತಲಿನ ಬೆಸುಗೆ ಹಾಕಿ.

ಕತ್ತರಿಸುವ ಮೊದಲು ಎಂಜಿನ್ ಫ್ರೇಮಿನಲ್ಲಿಯೇ ಇರಲಿ, ಬೋಲ್ಟುಗಳು ಬಿಗಿಯಾಗಿರಲಿ. ಇಡೀ ಫ್ರೇಮನ್ನು ಉಕ್ಕಿನ ಮೇಜಿಗೆ ಹಿಡಿದು ಕಟ್ಟಿ. ಮೊದಲು ಎಲ್ಲ ಕಡೆ ಚಿಕ್ಕ ಟ್ಯಾಕ್ (ಚುಕ್ಕಿಯಂಥ ತಾತ್ಕಾಲಿಕ ಬೆಸುಗೆ) ಮಾತ್ರ. ಆಮೇಲೆ ಎಡಕ್ಕೆ ಸ್ವಲ್ಪ, ಬಲಕ್ಕೆ ಸ್ವಲ್ಪ, ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ. ಒಂದೇ ಬದಿಯನ್ನು ಪೂರ್ತಿ ಮುಗಿಸಿದರೆ ತಣಿಯುವಾಗ ಲೋಹ ಆ ಕಡೆಗೆ ಎಳೆಯುತ್ತದೆ.

ತಂತಿಜಾಲ

ವಿದ್ಯುತ್ತಿನ ಬಗ್ಗೆ ಚಿಕ್ಕದಾಗಿ. ಹಳೆ ಶೈಲಿ ಎಂದ ಕೂಡಲೇ ಎಲ್ಲರೂ ಬ್ಯಾಟರಿ ತೆಗೆದು ಕಪಾಸಿಟರ್ ಹಾಕಲು ಹೊರಡುತ್ತಾರೆ. ನಿಮ್ಮ ಬೈಕಿನ ಮೂಲ ಆಲ್ಟರ್ನೇಟರಿನಲ್ಲಿ ಶಾಶ್ವತ ಅಯಸ್ಕಾಂತ ಇಲ್ಲ. ಅದರ ರೋಟರ್ ಒಂದು ಸುರುಳಿ; ಬ್ರಷ್‌ಗಳ ಮೂಲಕ ಬ್ಯಾಟರಿಯಿಂದ ವಿದ್ಯುತ್ ಹರಿದರೆ ಮಾತ್ರ ಅದು ಅಯಸ್ಕಾಂತವಾಗುತ್ತದೆ. ಬ್ಯಾಟರಿ ಕಿತ್ತರೆ ಎಷ್ಟು ಒದ್ದರೂ ಕಿಡಿ ಹುಟ್ಟುವುದಿಲ್ಲ. ಬ್ಯಾಟರಿ ಬೇಡವೆಂದರೆ ಶಾಶ್ವತ ಅಯಸ್ಕಾಂತದ ಆಲ್ಟರ್ನೇಟರ್ ಜೋಡಿಸಬೇಕು, ಅದಕ್ಕೆ ಹೊಂದುವ ರೆಗ್ಯುಲೇಟರ್ ಸಹಿತ. ಇಲ್ಲವೇ ಸೀಟಿನ ಕೆಳಗೆ ಪುಟ್ಟ ಬ್ಯಾಟರಿಯೊಂದನ್ನು ಅಡಗಿಸಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ.

ತಂತಿಗಳು ಹತ್ತರೊಳಗೆ ಮುಗಿಯುತ್ತವೆ: ಕೀಲಿ, ಇಗ್ನಿಷನ್, ಹೆಡ್‌ಲೈಟ್, ಹಿಂದೀಪ, ಬ್ರೇಕ್ ದೀಪ, ಹಾರ್ನ್. ಫ್ಯೂಸ್ ಮರೆಯಬೇಡಿ. ನೆಲದ ತಂತಿಯನ್ನು ಬಣ್ಣ ಕೆರೆದ ಲೋಹಕ್ಕೇ ಬಿಗಿಯಿರಿ. ತಂತಿಯನ್ನು ಫ್ರೇಮಿನ ಕೊಳವೆಯೊಳಗೆ ತೂರಿಸುವುದಾದರೆ ತೂತಿನ ಅಂಚಿಗೆ ರಬ್ಬರ್ ಬಳೆ ಹಾಕಿ. ಈ ಎಂಜಿನ್ನಿನ ಕಂಪನ ಬರೀ ಅಂಚನ್ನು ಗರಗಸ ಮಾಡಿಬಿಡುತ್ತದೆ.

ಸಪೂರಗಾಲಿ

ಮುಂದಿನ ಬ್ರೇಕ್ ತೆಗೆದುಬಿಡಿ ಎಂಬುದು ನನ್ನ ಸಲಹೆ. ಆ ಕಾಲದ ಎಷ್ಟೋ ಚಾಪರುಗಳ ಮುಂಗಾಲಿಯಲ್ಲಿ ಬ್ರೇಕೇ ಇರಲಿಲ್ಲ. ಬರೀ ಕಡ್ಡಿ ಮತ್ತು ಸಣ್ಣ ಹಬ್ ಇರುವ 21 ಇಂಚಿನ ಗಾಲಿಯ ಹಗುರವಾದ ನೋಟಕ್ಕೆ ಸಾಟಿಯಿಲ್ಲ. ಉದ್ದನೆಯ ಬೈಕಿನಲ್ಲಿ ಹಿಂದಿನ ಬ್ರೇಕೇ ಹೆಚ್ಚು ಕೆಲಸ ಮಾಡುತ್ತದೆ ಕೂಡ.

ಹಳೆಯ ಪಿಸ್ಟನ್

ನೋಟದ ಬಗ್ಗೆ ನೀವು ಹೇಳಿದ್ದು ನಿಜ. ಗಾಲಿಗಳ ನಡುವಿನ ಅಂತರ ಹೆಚ್ಚಿದ್ದಷ್ಟೂ ಬ್ರೇಕ್ ಹಿಡಿದಾಗ ಭಾರ ಮುಂದಕ್ಕೆ ಕಡಿಮೆ ಸರಿಯುತ್ತದೆ, ಹಿಂದಿನ ಬ್ರೇಕಿಗೆ ಹಿಡಿತ ಹೆಚ್ಚು ಉಳಿಯುತ್ತದೆ ಎಂಬುದೂ ನಿಜ. ಆದರೂ ಒಪ್ಪುವುದಿಲ್ಲ. ಭಾರ ಮುಂದಕ್ಕೆ ಸರಿಯುವುದು ಕಡಿಮೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹಾರ್ಡ್‌ಟೇಲಿನ ಹಿಂಗಾಲಿ ಹದಗೆಟ್ಟ ರಸ್ತೆಯಲ್ಲಿ ನೆಲ ಬಿಟ್ಟು ಪುಟಿಯುತ್ತಲೇ ಇರುತ್ತದೆ. ಪುಟಿಯುತ್ತಿರುವ ಗಾಲಿಯೊಂದನ್ನೇ ನಂಬಿ ಮಗುವೊಂದು ಅಡ್ಡ ಬಂದಾಗ ನಿಲ್ಲಿಸಬೇಕಾಗಿ ಬಂದರೆ? ಹಳೆಯ ಪುಟ್ಟ ಡ್ರಮ್ ಬ್ರೇಕ್ ಹಾಕಿಸಿ. ಕಡ್ಡಿಗಳ ನಡುವೆ ಅದೂ ಚೆಂದವಾಗಿಯೇ ಕಾಣುತ್ತದೆ. ಈ ಒಂದು ವಿಷಯದಲ್ಲಿ ನಾನು ಹಟಮಾರಿ.

ಎರಡುಗಾಲಿ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಬೈಕನ್ನು ಇದ್ದ ಹಾಗೆಯೇ 640 ಕಿಲೋಮೀಟರ್ ಓಡಿಸಿದೆ. ಗೇರ್‌ಬಾಕ್ಸ್ ಸರಿಯಿದೆ. ಬಲಗಡೆಯ ಕಾರ್ಬ್ಯುರೇಟರಿನ ಡಯಾಫ್ರಂ ಹರಿದಿತ್ತು, ಬ್ರಷ್‌ಗಳು ಸವೆದಿದ್ದವು, ಹ್ಯಾಂಡಲ್ ತಿರುಗುವ ಬೇರಿಂಗಿನ, ಅಂದರೆ ಕೋನ್‌ಸೆಟ್ಟಿನ, ಗುಂಡುಗಳು ಬಟ್ಟಲಿನಲ್ಲಿ ಗುಳಿ ತೋಡಿದ್ದವು. ಈಗ ಶಂಕುವಿನಾಕಾರದ ರೋಲರ್ ಬೇರಿಂಗ್ ಹಾಕಲಿದ್ದೇನೆ.

ಪಕ್ಕದಿಂದ ಬೈಕಿನ ಫೋಟೋ ತೆಗೆದು, ಅದನ್ನು ಗೋಡೆಯ ಮೇಲೆ ನಿಜವಾದ ಗಾತ್ರದಲ್ಲಿ ಬಿಂಬಿಸಿ, ಸೀಮೆಸುಣ್ಣದಿಂದ ಗೆರೆ ಹಾಕಿಕೊಂಡೆ. 10 ಇಂಚಿನ ಫೋರ್ಕನ್ನು ಆ ಗೋಡೆಯ ಮೇಲೆ ಬಿಡಿಸಿದ ದಿನವೇ ನನ್ನ ಆಸೆ ಬದಲಾಯಿತು. ಕೆಳಗಿನ ಕೊಳವೆ ಮಟ್ಟವಾಗಿರಬೇಕೆಂದರೆ ಅಷ್ಟು ಉದ್ದ ನನ್ನ ಬೈಕಿಗೆ ಹೊಂದುವುದೇ ಇಲ್ಲ. ಅಳಿಸಿ ಅಳಿಸಿ ಬರೆದು 4 ಇಂಚಿಗೆ ಬಂದು ನಿಂತಿದ್ದೇನೆ. ಕತ್ತು 35, ಹಿಡಿಗಳು 3.

ಹಳೆಯ ಕಡಲೆಕಾಯಿ ಟ್ಯಾಂಕ್ ಒಂದು ಸಿಕ್ಕಿತು. ಹೊಳೆಯುವ ಬಣ್ಣ, ಒಂದು ಗೀರೂ ಇಲ್ಲ. ಮನೆಗೆ ತಂದು ಅಯಸ್ಕಾಂತ ಹಿಡಿದು ನೋಡಿದರೆ ಎಡಬದಿಯಲ್ಲಿ ಅಂಗೈಯಗಲದ ಜಾಗಕ್ಕೆ ಅದು ಅಂಟುವುದೇ ಇಲ್ಲ. ಕೆರೆದಾಗ ಬೆರಳು ದಪ್ಪದ ಪುಟ್ಟಿ ಎದ್ದುಬಂತು, ಅದರಡಿ ಜಜ್ಜಿದ ತಗಡು, ಕೆಳಗಿನ ಜೋಡಣೆಯ ಅಂಚಿನಲ್ಲಿ ಒಂದು ಸೂಜಿತೂತು. ಇದನ್ನು ಬೆಸೆಯಬಹುದೇ?

ಬೆಸುಗೆಗಾರ

ಪೆಟ್ರೋಲ್ ಚೆಲ್ಲಿ ಒಣಗಿಸಿದ ಟ್ಯಾಂಕ್ ಖಾಲಿಯಲ್ಲ. ತುಕ್ಕಿನ ಸಂದುಗಳಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ತುಂಬಿಕೊಂಡೇ ಇರುತ್ತದೆ. ತುಂಬಿದ ಟ್ಯಾಂಕಿಗಿಂತ ಇಂಥದ್ದೇ ಸಿಡಿಯುವುದು. ಬಿಸಿನೀರು ಮತ್ತು ಸಾಬೂನಿನಿಂದ ಹಲವು ಸಲ ತೊಳೆದು, ಒಳಗೆ ಆರ್ಗಾನ್ ಹರಿಸುತ್ತ ಬೆಸೆಯಬೇಕು. ಮೊದಲ ಸಲವಾದರೆ ಇದನ್ನು ಬಲ್ಲವರಿಗೇ ಕೊಡಿ. ಮುಗಿದ ಮೇಲೆ ತೀರಾ ಕಡಿಮೆ ಒತ್ತಡದ ಗಾಳಿ ತುಂಬಿ ಸಾಬೂನು ನೀರು ಸವರಿ, ಗುಳ್ಳೆ ಬರುತ್ತದೆಯೇ ನೋಡಿ.

ಟ್ಯಾಂಕನ್ನು ಫ್ರೇಮಿಗೆ ನೇರವಾಗಿ ಬೋಲ್ಟ್ ಮಾಡಬೇಡಿ. ರಬ್ಬರ್ ಮೇಲೆ ಕೂರಿಸಿ.

ಎರಡುಗಾಲಿ

ಮತ್ತೆ ಐದು ತಿಂಗಳು ಕಳೆದಿವೆ. ಕತ್ತಿನ ಕೆಲಸ ಹೊರಗೆ ಮಾಡಿಸಿದೆ, ಹಾರ್ಡ್‌ಟೇಲ್ ನಾನೇ ಮಾಡಿದೆ. ತಪ್ಪನ್ನೂ ಮಾಡಿದೆ.

ಟ್ಯಾಕ್ ಹಾಕುವವರೆಗೆ ಎಲ್ಲವೂ ಸರಿಯಿತ್ತು. ಆ ಸಂಜೆ ಕೈ ಕುದುರಿತ್ತು, ಬೆಸುಗೆ ಚೆನ್ನಾಗಿ ಹರಿಯುತ್ತಿತ್ತು, ನಿಲ್ಲಿಸಲು ಮನಸ್ಸಾಗದೆ ಎಡಬದಿಯ ಎರಡೂ ಜೋಡಣೆಗಳನ್ನು ಒಂದೇ ಸಲಕ್ಕೆ ಮುಗಿಸಿದೆ. ಬೆಳಿಗ್ಗೆ ಹಿಂಗಾಲಿಯ ಎರಡೂ ಬದಿಯಿಂದ ಮುಂಗಾಲಿಯವರೆಗೆ ದಾರ ಎಳೆದು ನೋಡಿದರೆ ಗಾಲಿ 6 ಮಿಮೀ ಎಡಕ್ಕೆ ಓರೆಯಾಗಿತ್ತು. ಚೈನನ್ನು ಸ್ಪ್ರಾಕೆಟ್ ಮೇಲೆ ಇಟ್ಟು ಕೈಯಿಂದ ತಿರುಗಿಸಿದಾಗ ಒಂದು ಕಡೆಯ ಕೊಂಡಿಗಳು ಹಲ್ಲಿನ ಪಕ್ಕಕ್ಕೆ ಉಜ್ಜುತ್ತಿದ್ದವು. ಬೆಸುಗೆಗಾರ ಸರ್ ಎಚ್ಚರಿಸಿದ್ದು ಅಕ್ಷರಶಃ ಆಗಿತ್ತು. ಎಡಬದಿಯನ್ನು ಮತ್ತೆ ಕತ್ತರಿಸಿ, ಹೊಸ ಕೂಡುಗೊಂಡಿ ಮಾಡಿಸಿ, ಈ ಸಲ ಬದಿ ಬದಲಿಸುತ್ತ, ಪ್ರತಿ ಬೆಸುಗೆಯ ನಂತರ ಕೈ ಮುಟ್ಟುವಷ್ಟು ತಣಿಯುವವರೆಗೆ ಕಾದು ಮುಗಿಸಿದೆ. ಈಗ ಅರ್ಧ ಮಿಮೀ ವ್ಯತ್ಯಾಸವಿದೆ.

ಬಣ್ಣ ಬಳಿಯದೆ, ಬರೀ ಎಣ್ಣೆ ಸವರಿ, ಅನುಮತಿ ಪತ್ರ ಕೈಗೆ ಬಂದ ಮೇಲೆ ರಸ್ತೆಗಿಳಿಸಿದೆ. 300 ಕಿಲೋಮೀಟರಿಗೆ ಎಲ್ಲ ಬೆಸುಗೆಗಳನ್ನೂ ಟಾರ್ಚ್ ಹಿಡಿದು ನೋಡಿದೆ. ಫ್ರೇಮ್ ಗಟ್ಟಿಯಾಗಿದೆ. ಸಿಸ್ಸಿ ಬಾರ್ ಹಿಡಿದಿರುವ ಬಲಗಡೆಯ ತಗಡಿನಲ್ಲಿ, ಬೆಸುಗೆಯ ಅಂಚಿಗೆ ತಾಗಿಕೊಂಡು, ಕೂದಲೆಳೆಯ ಬಿರುಕು. ಬೆರಳುಗುರಿಗೆ ಸಿಗುತ್ತದೆ, ಕಣ್ಣಿಗೆ ಬೇಗ ಸಿಗುವುದಿಲ್ಲ.

ಬೆಸುಗೆಗಾರ

ಬಣ್ಣ ಬಳಿಯದೆ ಓಡಿಸಿದ್ದು ನೀವು ಮಾಡಿದ ಅತ್ಯುತ್ತಮ ಕೆಲಸ. ಬಣ್ಣವಿದ್ದಿದ್ದರೆ ಆ ಬಿರುಕು ಅರ್ಧ ತಗಡು ಸೀಳಿದ ಮೇಲೆ ಕಾಣುತ್ತಿತ್ತು.

ಬಿರುಕಿನ ತುದಿ ಎಲ್ಲಿದೆ ಎಂದು ಖಚಿತಪಡಿಸಿಕೊಂಡು ಅಲ್ಲಿ 3 ಮಿಮೀ ತೂತು ಕೊರೆಯಿರಿ, ಅದು ಮುಂದೆ ಓಡುವುದಿಲ್ಲ. ಬಿರುಕಿನ ಉದ್ದಕ್ಕೂ ಸಣ್ಣ ಕಾಲುವೆಯಂತೆ ತೋಡಿ ಬೆಸೆಯಿರಿ. ಅಷ್ಟಕ್ಕೇ ಬಿಟ್ಟರೆ ಪಕ್ಕದಲ್ಲಿ ಮತ್ತೆ ಬಿರಿಯುತ್ತದೆ. ಎತ್ತರದ ಬಾರ್ ಎಂಜಿನ್ನಿನ ಕಂಪನಕ್ಕೆ ತುಯ್ದಾಡುವ ಪೆಟ್ಟೆಲ್ಲ ಆ ಒಂದು ಅಂಚಿಗೆ ಬೀಳುತ್ತಿದೆ. ಇನ್ನೂ ಅಗಲವಾದ ತಗಡು ಹಾಕಿ, ಮೂಲೆಗಳನ್ನು ಅರದಿಂದ ಉರುಟು ಮಾಡಿ, ಬಾರಿಗೆ ಮಡ್‌ಗಾರ್ಡ್ ಬಳಿ ಇನ್ನೊಂದು ಆಧಾರ ಕೊಡಿ.

ಅಳತೆಪಟ್ಟಿ

ಟ್ರೇಲ್ ಎಷ್ಟು ಬಂತು ಎಂದು ನೀವು ಬರೆಯಲೇ ಇಲ್ಲ!

ಎರಡುಗಾಲಿ

ಕ್ಷಮಿಸಿ ಸರ್. ಮೊದಲು ಅಳೆದದ್ದೇ ಅದನ್ನು. ಕತ್ತಿನ ರೇಖೆಗೆ ನೇರವಾದ ಪಟ್ಟಿಯನ್ನು ಹಿಡಿದು ನೆಲಕ್ಕೆ ತಾಗಿದಲ್ಲಿ ಗುರುತು ಹಾಕಿ, ಆ್ಯಕ್ಸಲ್‌ನಿಂದ ತೂಗುಗುಂಡು ಇಳಿಬಿಟ್ಟು ಇನ್ನೊಂದು ಗುರುತು ಹಾಕಿದೆ. 118 ಮಿಮೀ. ತೀರಾ ನಿಧಾನಕ್ಕೆ ತಿರುಗಿಸುವಾಗ ಮುಂಗಾಲಿ ಸ್ವಲ್ಪ ಒಳಕ್ಕೆ ಬೀಳುತ್ತದೆ, ಒಂದು ವಾರದಲ್ಲಿ ಕೈಗೆ ರೂಢಿಯಾಯಿತು. 70ರ ವೇಗದಲ್ಲಿ ಹಳಿಯ ಮೇಲೆ ಹೋದಂತೆ ನೇರ. ಹಿಂದಿನ ಟೈರಿನ ಗಾಳಿಯನ್ನು ತಯಾರಕರು ಹೇಳಿದ ಮಿತಿಯೊಳಗೇ ಸ್ವಲ್ಪ ಇಳಿಸಿದ ಮೇಲೆ ಬೆನ್ನಿಗೂ ಹಿತವಾಗಿದೆ. ಮುಂದಿನ ಡ್ರಮ್ ಬ್ರೇಕ್ ಇದೆ.

ಸಿಸ್ಸಿ ಬಾರಿನ ಹೊಸ ತಗಡು ಕೊಯ್ದಾಗಿದೆ, ನಾಳೆ ಬೆಸುಗೆ. ಇನ್ನೊಂದು 700 ಕಿಲೋಮೀಟರ್ ಬರಿಮೈಯಲ್ಲೇ ಓಡಿಸಿ, ಮತ್ತೆ ಟಾರ್ಚ್ ಹಿಡಿದು ನೋಡಿ, ಆಮೇಲೆ ಬಣ್ಣ.

ಆ 10 ಇಂಚಿನ ಕೊಳವೆಗಳು ಎಣ್ಣೆ ಕಾಗದದಲ್ಲಿ ಸುತ್ತಿದ ಹಾಗೆಯೇ ಇವೆ, ಒಂದು ಗೀರೂ ಬಿದ್ದಿಲ್ಲ. ಬೇಕಾದವರಿಗೆ ಸುಮ್ಮನೆ ಕೊಡುತ್ತೇನೆ. ನಿಮ್ಮ ಬೈಕಿನ ಕತ್ತಿನ ಕೋನ, ಆಫ್‌ಸೆಟ್ ಮತ್ತು ಗಾಲಿಯ ತ್ರಿಜ್ಯ ಎಷ್ಟೆಂದು ಮೊದಲು ಇಲ್ಲಿ ಬರೆಯಿರಿ. ಲೆಕ್ಕ ಒಟ್ಟಿಗೆ ಹಾಕೋಣ, ಸರಿಹೊಂದಿದರೆ ಕಳುಹಿಸಿಕೊಡುತ್ತೇನೆ.